ಮೇಷ್ಟ್ರ ಸಿಟ್ಟು

ಮಾರ್ಚ್ ೧೨

ಪ್ರೀತಿಯ ತಮ್ಮನಿಗೆ,

ಬಂದು ತಲುಪಿದೆ. ಪೆಟ್ಟಿಗೆಗಳಲ್ಲಿ ಒಂದು ಇನ್ನೂ ಬಂದಿಲ್ಲ. ಬೆಚ್ಚನೆಯ ಬಟ್ಟೆಗಳೆಲ್ಲ ಅದರಲ್ಲೇ ಉಳಿದವು. ಹಾಗಾಗಿ ನಮ್ಮ ರಾಯಭಾರ ಕಚೇರಿಯ ಕಾವಲುಗಾರನ ಕೋಟು ಹಾಕಿಕೊಂಡು ಈ ಕಾಗದ ಬರೆಯುತ್ತಿದ್ದೇನೆ. ಉಪ ರಾಯಭಾರಿ ಎಂದರೆ ಏನೋ ಎಂತೋ ಅಂದುಕೊಂಡಿರುವ ನಿನ್ನ ಹೆಂಡತಿಗೆ ಇದನ್ನು ಓದಿ ಹೇಳು, ನಗಲಿ.

ನಾವಿಬ್ಬರೂ ಹರೆಯದಲ್ಲಿ ಪಾರಸಿ ಸಾಹಿತ್ಯ ಕಲಿಯಲು ಬಂದಿಳಿದ ಊರು ಇದೇ ಎಂದು ನಂಬುವುದಕ್ಕೆ ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಬೀದಿಗಳು ಅಗಲವಾಗಿವೆ, ಮರಗಳು ಕಡಿಮೆಯಾಗಿವೆ. ನನಗೆ ಕೊಟ್ಟಿರುವ ಮನೆ ಮೂರನೇ ಮಹಡಿಯಲ್ಲಿದೆ. ಲಿಫ್ಟು ಕೆಟ್ಟು ಎಷ್ಟು ಕಾಲವಾಯಿತೋ, ಅದರೊಳಗೆ ಯಾರೋ ಸೈಕಲ್ಲು ನಿಲ್ಲಿಸಿದ್ದಾರೆ. ಕಿಟಕಿ ತೆರೆದರೆ ಬಸ್ ಡಿಪೋ. ಬೆಳಗಾಗುತ್ತಿದ್ದಂತೆ ಎಂಜಿನ್ನುಗಳು ಕೆಮ್ಮಲು ಶುರು ಮಾಡುತ್ತವೆ.

ಪಾರಸಿ ಬಲ್ಲವರು ಬೇಕು, ಮೂರೇ ತಿಂಗಳ ಕೆಲಸ ಎಂದು ಇಲಾಖೆಯವರು ನನ್ನನ್ನು ಕಾಲೇಜಿನಿಂದ ಎಬ್ಬಿಸಿಕೊಂಡು ಹೋದದ್ದು ನೆನಪಿದೆಯಲ್ಲ? ಆ ಮೂರು ತಿಂಗಳು ಇನ್ನೂ ಮುಗಿದಿಲ್ಲ ನೋಡು. ಹಳೆಯ ಕಾವ್ಯದ ಪಾಠಾಂತರ ಹುಡುಕುತ್ತಿದ್ದ ಕಣ್ಣು ಈಗ ಔಷಧಿ ಒಪ್ಪಂದದ ಅಲ್ಪವಿರಾಮ ಹುಡುಕುತ್ತಿದೆ. ಬೇಜಾರು ಅನ್ನುವ ನಮ್ಮ ಮಾತೂ ಪಾರಸಿಯಿಂದಲೇ ಬಂದದ್ದು ಎಂದು ನೀನು ಹುಡುಗರಿಗೆ ಹೇಳಿಕೊಡುತ್ತೀಯಲ್ಲ, ಅದಕ್ಕೆ ಉದಾಹರಣೆ ಬೇಕಾದರೆ ನಿನ್ನ ಅಕ್ಕ ಇದ್ದಾಳೆ.

ಒಂದು ತಮಾಷೆ ಕೇಳು. ಇಲ್ಲಿನ ವಿದೇಶಾಂಗ ಇಲಾಖೆಯಲ್ಲಿ ನನ್ನ ಕಾಗದಪತ್ರ ತೆಗೆದುಕೊಂಡ ಅಧಿಕಾರಿ ಯಾರು ಗೊತ್ತೆ? ನಮ್ಮ ಸೋಡಾಬುಡ್ಡಿ! ಮೇಷ್ಟ್ರ ಮನೆಯಲ್ಲಿ ನಮ್ಮ ಪಕ್ಕದಲ್ಲೇ ಕೂತು, ಪುಸ್ತಕವನ್ನು ಮೂಗಿಗೆ ಒತ್ತಿಕೊಂಡು ಓದುತ್ತಿದ್ದ ಅದೇ ಹುಡುಗ. ಕನ್ನಡಕ ಇನ್ನಷ್ಟು ದಪ್ಪವಾಗಿದೆ. “ಪ್ರಯಾಣ ಸುಖವಾಗಿತ್ತಾ ಮೇಡಂ?” ಅಂದ, ಜನ್ಮದಲ್ಲಿ ನನ್ನನ್ನು ನೋಡೇ ಇಲ್ಲ ಎಂಬ ಹಾಗೆ. ನಾನೂ ಸುಖವಾಗಿತ್ತು ಅಂದೆ.

ಮೇಷ್ಟ್ರನ್ನು ಇನ್ನೂ ನೋಡಿಲ್ಲ. ಅಧಿಕಾರ ವಹಿಸಿಕೊಳ್ಳುವ ವಿಧಿಗಳೆಲ್ಲ ಮುಗಿಯುವ ತನಕ ಯಾರ ಮನೆಗೂ ಹೋಗುವ ಹಾಗಿಲ್ಲವಂತೆ. ಬೀದಿಯ ತುದಿಯಲ್ಲಿ ಕಾರು ನಿಲ್ಲಿಸಿ ನೋಡಿಕೊಂಡು ಬಂದೆ. ಬಾಗಿಲಿಗೆ ಹೊಸ ಬಣ್ಣ ಬಂದಿದೆ. ಮೇಲಿನ ಕಿಟಕಿಯಲ್ಲಿ ಅವರ ಉದ್ದ ತೋಳಿನ ಅಂಗಿ ಒಣಗುತ್ತಿತ್ತು. ಮುಂದಿನ ವಾರ ಹೋಗಿ ಪಾದ ಹಿಡಿಯುತ್ತೇನೆ.

ನಿನ್ನ ಅಕ್ಕ


ಏಪ್ರಿಲ್ ೩

ಅಕ್ಕಾ,

ನಿನ್ನ ಕಾಗದ ಓದಿ ನಾವಿಬ್ಬರೂ ನಕ್ಕೆವು. ಆದರೆ ಆ ನಗು ಮಾರನೆಯ ದಿನಕ್ಕೆ ಉಳಿಯಲಿಲ್ಲ.

ಇಲ್ಲಿ ವಿಚಾರಸಂಕಿರಣಕ್ಕೆ ಬಂದಿದ್ದ ವಿದೇಶಿ ವಿದ್ವಾಂಸರೊಬ್ಬರು ಕಾಫಿ ಕುಡಿಯುವಾಗ ಮೆಲ್ಲಗೆ ಹೇಳಿದರು. ಮೇಷ್ಟ್ರನ್ನು ಹಿಡಿದುಕೊಂಡು ಹೋಗಿದ್ದಾರಂತೆ. ಶಾಲೆಯ ಪಠ್ಯದಿಂದ ಸರ್ಕಾರ ಕೆಲವು ಹಳೆಯ ಪದ್ಯಗಳನ್ನು ಕಿತ್ತುಹಾಕಿತ್ತಂತೆ, ದೊರೆಗಳನ್ನು ಗೇಲಿ ಮಾಡುವ ಪದ್ಯಗಳನ್ನು. ಮೇಷ್ಟ್ರು ಗ್ರಂಥಾಲಯದ ಸಭೆಯಲ್ಲಿ ಎದ್ದು ನಿಂತು ಅಷ್ಟನ್ನೂ ಬಾಯಿಪಾಠ ಹೇಳಿದರಂತೆ. ಒಂದೂ ಅಕ್ಷರ ತಪ್ಪಲಿಲ್ಲವಂತೆ. ಮುಗಿಸಿ ಕೂತ ಮೇಲೆ ಇಬ್ಬರು ಬಂದು ಭುಜ ಮುಟ್ಟಿದರಂತೆ.

ನೀನು ಬೀದಿಯ ತುದಿಯಲ್ಲಿ ನಿಂತು ನೋಡಿದಾಗ ಅವರು ಒಳಗಿದ್ದರೋ ಇಲ್ಲವೋ? ಅಕ್ಕಾ, ನೀನು ಅಲ್ಲೇ ಇದ್ದೀಯ. ನಿನಗೆ ಕಾರಿದೆ, ಬಾವುಟ ಇದೆ, ದೊಡ್ಡವರ ಪರಿಚಯ ಇದೆ. ಹೋಗಿ ವಿಚಾರಿಸು, ಎಲ್ಲಿದ್ದಾರೆ, ಹೇಗಿದ್ದಾರೆ, ಬರೆದು ತಿಳಿಸು.

ಇಲ್ಲಿ ನಮ್ಮ ವಿಭಾಗದ್ದು ನಿನಗೆ ಗೊತ್ತಿರುವ ಕಥೆಯೇ. ವಿದ್ಯಾರ್ಥಿಗಳು ಮೂವರು. ಅವರಲ್ಲೊಬ್ಬ ಬೇರೆ ಕಡೆ ಸೀಟು ಸಿಗದೆ ಬಂದವನು. ವಾಣಿಜ್ಯ ವಿಭಾಗದವರು ಟೇಪು ಹಿಡಿದು ನಮ್ಮ ಕೋಣೆಯನ್ನು ಅಳೆದುಕೊಂಡು ಹೋದರು. ಯಾಕಯ್ಯಾ ಅಂದರೆ “ಸುಮ್ನೆ ಸಾರ್” ಅಂದರು.

ನಿನ್ನ ತಮ್ಮ


ಮೇ ೯

ಪ್ರೀತಿಯ ತಮ್ಮನಿಗೆ,

ಕಾಗದ ತಡವಾಗಿ ಬಂತು. ಲಕೋಟೆಗೆ ಎರಡು ಸಲ ಅಂಟು ಹಚ್ಚಿದ ಹಾಗಿತ್ತು, ನಿನ್ನ ಕೈ ಮೊದಲಿಂದಲೂ ಧಾರಾಳ. ಹೇಗೂ ಇಲ್ಲಿನ ಅಂಚೆಯವರು ಜಾಣರು, ನಮ್ಮ ಭಾಷೆಯನ್ನೂ ಓದಬಲ್ಲವರು ಇದ್ದಾರೆ ಎಂದು ಕೇಳಿದ್ದೇನೆ. ಆದ್ದರಿಂದ ಅಕ್ಷರ ಗುಂಡಗೆ ಬರಿ, ಮನೆಯ ವಿಷಯ ಬರಿ. ಮಿಕ್ಕಿದ್ದಕ್ಕೆ ಕಾಗದ ಹಾಳು ಮಾಡಬೇಡ.

ಪೆಟ್ಟಿಗೆ ಬಂತು. ಪರದೆ ಹೊಲಿಸಿದೆ, ಉದ್ದ ಕಡಿಮೆಯಾಯಿತು. ಕಚೇರಿಯಲ್ಲಿ ಔಷಧಿ ಒಪ್ಪಂದದ ಕೆಲಸವೇ ಕೆಲಸ. ನಮ್ಮ ರಾಯಭಾರಿ ಸಾಹೇಬರಿಗೆ ಅದು ಬಿಟ್ಟು ಬೇರೆ ಮಾತಿಲ್ಲ. “ಇದು ಮುಗಿಯೋ ತನಕ ಯಾರೂ ಸೀನಬಾರದು” ಎಂದು ನಿನ್ನೆ ಸಭೆಯಲ್ಲಿ ಹೇಳಿದರು. ಯಾರೂ ನಗಲಿಲ್ಲ, ಅವರೂ ನಗಲಿಲ್ಲ.

ನನಗೆ ಹಲ್ಲುನೋವು ಹತ್ತಿಕೊಂಡಿದೆ. ಮಾರುಕಟ್ಟೆಯ ಹಿಂದೆ ಒಬ್ಬರು ದಂತವೈದ್ಯರಿದ್ದಾರೆ, ಕೈ ಹಗುರ, ಮಾತು ಕಡಿಮೆ. ವಾರಕ್ಕೊಮ್ಮೆ ಬರಲು ಹೇಳಿದ್ದಾರೆ. ಹೊರಗಿನ ಬೆಂಚಿನ ಮೇಲೆ ಗಂಟೆಗಟ್ಟಲೆ ಕಾಯಬೇಕು. ಗೋಡೆಯ ಮೇಲೆ ಬಾಯಿ ತೆರೆದ ಒಂದು ದೊಡ್ಡ ಚಿತ್ರ, ಅದನ್ನೇ ನೋಡುತ್ತ ಕೂರುತ್ತೇನೆ.

ಮಳೆ ಇಲ್ಲ, ಧೂಳು ಬಹಳ. ನಿನ್ನ ಹೆಂಡತಿಯ ಕೈನೋವು ಹೇಗಿದೆ?

ನಿನ್ನ ಅಕ್ಕ


ಜೂನ್ ೧೫

ಅಕ್ಕಾ,

ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ಎಲ್ಲಾದರೂ ಒಂದು ಸಾಲು ನನ್ನ ಕಣ್ಣು ತಪ್ಪಿರಬೇಕು ಎಂದುಕೊಂಡೆ. ಪರದೆ ಇತ್ತು, ಹಲ್ಲು ಇತ್ತು, ಧೂಳು ಇತ್ತು. ಮೇಷ್ಟ್ರು ಇರಲಿಲ್ಲ.

ಯಾರೋ ಓದುತ್ತಾರೆ ಎಂಬುದು ಅರ್ಥವಾಯಿತು, ನಾನು ಅಷ್ಟು ದಡ್ಡನಲ್ಲ. ಆದರೆ ನಿಮಗೆ ರಾಜತಾಂತ್ರಿಕ ಚೀಲ ಅಂತ ಒಂದಿದೆಯಲ್ಲ, ಯಾರೂ ಬಿಚ್ಚುವಂತಿಲ್ಲದ್ದು? ಅದರಲ್ಲಿ ಹಾಕಿ ಕಳಿಸಬಹುದಿತ್ತು. ಮನಸ್ಸಿದ್ದರೆ ದಾರಿ ಕಾಣುತ್ತಿತ್ತು.

ಆ ಮನೆಯಲ್ಲಿ ನಾವು ಉಂಡಿದ್ದೇವೆ ಅಕ್ಕ. ನಿನಗೆ ಜ್ವರ ಬಂದಾಗ ಮೇಷ್ಟ್ರ ಹೆಂಡತಿ ನಿನ್ನ ಹಾಸಿಗೆಯ ಪಕ್ಕವೇ ಚಾಪೆ ಹಾಸಿಕೊಂಡಿದ್ದರು. ಈಗ ಅವರ ಗಂಡ ಯಾವ ಕೋಣೆಯಲ್ಲಿದ್ದಾರೋ ಗೊತ್ತಿಲ್ಲ, ನೀನು ನನಗೆ ಪರದೆಯ ಉದ್ದ ಬರೆಯುತ್ತೀಯ. ಕುರ್ಚಿ ಮನುಷ್ಯರನ್ನು ಹೀಗೆ ಮಾಡುತ್ತದೆ ಎಂದು ಬೇರೆಯವರ ಬಗ್ಗೆ ಕೇಳಿದ್ದೆ.

ಹಲ್ಲುನೋವಿಗೆ ಲವಂಗ ಇಟ್ಟುಕೋ.

ತಮ್ಮ


ಜುಲೈ ೨೦

ತಮ್ಮನಿಗೆ,

ಚೀಲವನ್ನು ಬೇರೆಯವರು ಬಿಚ್ಚುವುದಿಲ್ಲ, ನಿಜ. ನಮ್ಮವರು ಬಿಚ್ಚುತ್ತಾರೆ. ಇಷ್ಟೇ ಹೇಳಬಲ್ಲೆ.

ನಿನ್ನ ಸಿಟ್ಟಿಗೆ ಈಗ ಉತ್ತರ ಕೊಡಲು ನನ್ನಲ್ಲಿ ಶಕ್ತಿ ಇಲ್ಲ. ಸ್ವಲ್ಪ ತಾಳು ಅಂದರೆ ನಿನಗೆ ಇನ್ನೂ ಸಿಟ್ಟು ಬರುತ್ತದೆ, ಆದರೂ ತಾಳು ಅನ್ನುತ್ತೇನೆ.

ಒಂದು ಕೆಲಸ ಮಾಡಿಕೊಡಬೇಕು. ನಿಮ್ಮೂರಿನ ದೊಡ್ಡ ಕಣ್ಣಾಸ್ಪತ್ರೆಗೆ ಹೋಗಿ, ವಯಸ್ಸಾದ ರೋಗಿಯೊಬ್ಬರನ್ನು ಹೊರದೇಶದಿಂದ ಕರೆತಂದರೆ ಸೇರಿಸಿಕೊಳ್ಳುತ್ತಾರಾ ಕೇಳು. ಮುಖ್ಯ ವೈದ್ಯರ ಸಹಿ ಇರುವ ಒಂದು ಪತ್ರ ಬೇಕು. ಯಾರಿಗೆ ಅಂತ ಕೇಳಬೇಡ, ನನ್ನ ಪರಿಚಯದವರು ಅಂದುಕೋ. ಬೇಗ ಆದರೆ ಒಳ್ಳೆಯದು.

ಹಲ್ಲು ಕೀಳಿಸಿಕೊಂಡೆ. ಈಗ ಅದರ ಪಕ್ಕದ್ದನ್ನು ನೋಡುತ್ತಿದ್ದಾರೆ.

ಅಕ್ಕ


ಆಗಸ್ಟ್ ೧೮

ಅಕ್ಕಾ,

ಕಣ್ಣಾಸ್ಪತ್ರೆಗೆ ನಾನು ಹೋಗಲಿಲ್ಲ. ಯಾವ ಮಂತ್ರಿಯ ಅತ್ತೆಗೆ ಈ ಉಪಚಾರ ಎಂದು ಕೇಳುವುದಿಲ್ಲ. ನಿಮ್ಮ ಕಚೇರಿಯಲ್ಲಿ ಗುಮಾಸ್ತರಿದ್ದಾರಲ್ಲ, ಅವರಿಂದ ಮಾಡಿಸು.

ನನಗೆ ಬೇರೆ ಕೆಲಸವಿತ್ತು. ಮೇಷ್ಟ್ರ ಬಿಡುಗಡೆಗಾಗಿ ನಾನೇ ಒಂದು ಹೇಳಿಕೆ ಬರೆದೆ. ಬೇರೆ ಬೇರೆ ವಿಶ್ವವಿದ್ಯಾಲಯಗಳ ಪಾರಸಿ ವಿದ್ವಾಂಸರೆಲ್ಲ ಸಹಿ ಹಾಕಿದ್ದಾರೆ. ಮೊನ್ನೆ ಪತ್ರಿಕೆಯಲ್ಲಿ ಬಂತು, ಹೊರದೇಶದ ಪತ್ರಿಕೆಗಳೂ ಎತ್ತಿಕೊಂಡಿವೆ. ಕತ್ತರಿಸಿ ಇದರ ಜೊತೆ ಇಟ್ಟಿದ್ದೇನೆ, ಅಂಚೆಯ ಜಾಣರೂ ಓದಲಿ.

ಕೊನೆಯ ಪ್ಯಾರಾದಲ್ಲಿ “ಅವರ ಅನ್ನ ಉಂಡು, ಅವರಿಂದಲೇ ಅಕ್ಷರ ಕಲಿತು, ಈಗ ಅದೇ ಊರಿನಲ್ಲಿ ಅಧಿಕಾರದ ಕುರ್ಚಿಯಲ್ಲಿ ಕೂತು ಬಾಯಿಗೆ ಬೀಗ ಹಾಕಿಕೊಂಡವರು” ಎಂದು ಒಂದು ಮಾತಿದೆ. ಅದು ಯಾರಿಗೆ ಎಂದು ನಿನಗೆ ಅರ್ಥವಾಗುತ್ತದೆ. ಒಂದು ಸಲ ಹೊಡೆದುಹಾಕಿದೆ, ಮತ್ತೆ ಬರೆದೆ. ಯಾರಾದರೂ ಮಾತಾಡಲೇಬೇಕಿತ್ತು. ಹುಡುಗರು ತರಗತಿಯಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎಷ್ಟೋ ವರ್ಷಗಳ ಮೇಲೆ ನನ್ನಿಂದ ಏನೋ ಒಂದು ಆಯಿತು ಅನ್ನಿಸಿತು.

ತಮ್ಮ


ಅಕ್ಟೋಬರ್ ೬

ಅಕ್ಕಾ,

ನಿನ್ನಿಂದ ಕಾಗದವೇ ಇಲ್ಲ. ಸಿಟ್ಟಾಗಿದ್ದರೆ ಎರಡು ಬೈಗುಳ ಬರೆದು ಹಾಕು, ಸುಮ್ಮನಿರಬೇಡ. ಫೋನು ಮಾಡಿದರೆ ನಿಮ್ಮ ಕಚೇರಿಯ ಹೆಂಗಸೊಬ್ಬರು “ಅವರು ಸೀಟ್‌ನಲ್ಲಿ ಇಲ್ಲ” ಎನ್ನುತ್ತಾರೆ. ಯಾವಾಗ ಬರುತ್ತಾರೆ ಎಂದು ಕೇಳಿದರೆ ಲೈನು ಕಟ್ಟಾಗುತ್ತದೆ.

ಮೇಷ್ಟ್ರ ಸುದ್ದಿಯೂ ಇಲ್ಲ. ಹೇಳಿಕೆ ಬಂದ ಮೇಲೆ ಏನಾದರೂ ಅಲುಗಾಡಿರಬೇಕಲ್ಲ?

ನನ್ನ ಹೆಂಡತಿ ದಿನಾ ಕೇಳುತ್ತಾಳೆ. ಒಂದು ಸಾಲು ಬರಿ.

ತಮ್ಮ


ನವೆಂಬರ್ ೧೧

ತಮ್ಮನಿಗೆ,

ಇದನ್ನು ಗಡಿಯಾಚೆ ಒಂದು ಸಣ್ಣ ಊರಿನ ಹೋಟೆಲಿನಿಂದ ಬರೆಯುತ್ತಿದ್ದೇನೆ. ನನ್ನನ್ನು ವಾಪಸು ಕರೆಸಿಕೊಂಡಿದ್ದಾರೆ. ನಾಳೆಯ ರೈಲು. ಇಲ್ಲಿ ಲಕೋಟೆ ಬಿಚ್ಚುವವರಿಲ್ಲ, ಆದ್ದರಿಂದ ಎಲ್ಲ ಬರೆಯುತ್ತೇನೆ. ಕೂತು ಓದು.

ನನಗೆ ಹಲ್ಲುನೋವು ಇರಲಿಲ್ಲ. ಆ ದಂತವೈದ್ಯರು ಮೇಷ್ಟ್ರ ಹೆಂಡತಿಯ ಅಣ್ಣನ ಮಗ. ಮೇಷ್ಟ್ರ ಮನೆಯ ಮುಂದೆ ಕಾವಲಿತ್ತು, ನಾನು ಹೋಗುವಂತಿರಲಿಲ್ಲ. ಬೆಂಚಿನ ಮೇಲೆ ಮೇಷ್ಟ್ರ ಹೆಂಡತಿ ಒಂದು ತುದಿ, ನಾನು ಒಂದು ತುದಿ. ಒಳಗೆ ಯಂತ್ರ ಕೊರೆಯುವ ಸದ್ದಿನಲ್ಲಿ ಮಾತಾಡುತ್ತಿದ್ದೆವು. ಸುಮ್ಮನೆ ಬಂದು ಹೋದರೆ ನೋಡಿದವರಿಗೆ ಅನುಮಾನ ಬರುತ್ತದೆ ಎಂದು ಗಟ್ಟಿಮುಟ್ಟಾದ ಒಂದು ಹಲ್ಲು ಕೀಳಿಸಿಕೊಂಡೆ. ಆ ಹಲ್ಲಿಗೇ ನೀನು ಲವಂಗ ಇಟ್ಟುಕೋ ಅಂದದ್ದು.

ಉಳಿದದ್ದು ಸೋಡಾಬುಡ್ಡಿಯ ಕೆಲಸ. ಔಷಧಿ ಒಪ್ಪಂದದ ಸಭೆಯಲ್ಲಿ ಅವನು ಅವರ ಕಡೆ, ನಾನು ನಮ್ಮ ಕಡೆ. ಒಂದು ದಿನ ಚಹಾದ ಬಿಡುವಿನಲ್ಲಿ ಪಕ್ಕಕ್ಕೆ ಬಂದು ಪಾರಸಿಯಲ್ಲಿ ಹೇಳಿದ, “ಅವರ ಕಣ್ಣು ಹೋಗ್ತಾ ಇದೆ. ಚಿಕಿತ್ಸೆ ಅಂತ ಹೊರಗೆ ಕಳಿಸೋಕೆ ದಾರಿ ಇದೆ. ನಿಮ್ಮ ಕಡೆಯ ಆಸ್ಪತ್ರೆಯಿಂದ ಪತ್ರ ತರಿಸಿ. ಆದರೆ ಎಲ್ಲೂ ಒಂದಕ್ಷರ ಅಚ್ಚಾಗಬಾರದು. ಒತ್ತಡಕ್ಕೆ ಬಗ್ಗಿದ್ರು ಅನ್ನಿಸ್ಕೊಳ್ಳೋಕೆ ನಮ್ಮ ಮೇಲಿನವರು ಒಪ್ಪಲ್ಲ.” ಹೇಳಿ ಹೋಗಿ ಮತ್ತೆ ತನ್ನ ಕುರ್ಚಿಯಲ್ಲಿ ಕೂತು, ಮಾತ್ರೆಗಳ ದರದ ಬಗ್ಗೆ ನನ್ನ ಜೊತೆ ಜಗಳಕ್ಕೆ ಬಿದ್ದ.

ನಮ್ಮ ಸಾಹೇಬರಿಗೆ ತಿಳಿಸುವಂತಿರಲಿಲ್ಲ. ಮೇಷ್ಟ್ರನ್ನು ಹಿಡಿದ ಸುದ್ದಿ ಬಂದ ದಿನವೇ ಅವರು “ಆ ಮುದುಕರ ವಿಷಯಕ್ಕೆ ನೀವು ಹೋಗಬೇಡಿ, ಇದು ಆಜ್ಞೆ” ಎಂದಿದ್ದರು. ಹಾಗಾಗಿ ಅವರ ಕಣ್ಣೂ ತಪ್ಪಿಸಬೇಕು, ಇವರ ಕಣ್ಣೂ ತಪ್ಪಿಸಬೇಕು. ನೀನು ಕಣ್ಣಾಸ್ಪತ್ರೆಗೆ ಹೋಗುವುದಿಲ್ಲ ಎಂದು ಬರೆಯುವ ಹೊತ್ತಿಗೆ, ಕಾದು ಕಾದು, ಬೇರೊಂದು ಆಸ್ಪತ್ರೆಯಿಂದ ನಾನೇ ಪತ್ರ ತರಿಸಿಕೊಂಡಿದ್ದೆ. ತಡವಾಯಿತು, ಆದರೂ ಬಂತು. ಮೇಷ್ಟ್ರನ್ನು ಹೊರಗೆ ಕಳಿಸುವ ಅಪ್ಪಣೆಗೆ ಸಹಿ ಸೋಮವಾರ ಆಗಬೇಕಿತ್ತು. ಮೇಷ್ಟ್ರ ಹೆಂಡತಿ ಅವರ ಅಂಗಿಗಳನ್ನು ಇಸ್ತ್ರಿ ಮಾಡಿ ಇಟ್ಟಿದ್ದರು.

ಸೋಮವಾರ ಸೋಡಾಬುಡ್ಡಿ ನನ್ನನ್ನು ಕರೆಸಿದ. ಮೇಜಿನ ಮೇಲೆ ನಿನ್ನ ಹೇಳಿಕೆಯ ಅನುವಾದ ಇತ್ತು. ಕನ್ನಡಕ ತೆಗೆದು ಒರೆಸುತ್ತ ಕೂತ. “ನಿಮ್ಮ ತಮ್ಮ ಚೆನ್ನಾಗಿ ಬರೀತಾನೆ. ವಿಶೇಷಣ ಮಾತ್ರ ಜಾಸ್ತಿ. ಮೇಷ್ಟ್ರು ಆಗಲೂ ಅದನ್ನೇ ಹೇಳ್ತಿದ್ರು” ಅಂದ. ಆಸ್ಪತ್ರೆಯ ಪತ್ರವನ್ನು ಮಡಿಚಿ ನನ್ನ ಕೈಗೆ ವಾಪಸು ಕೊಟ್ಟ. ಆಮೇಲೆ, ಬರೀ ಅನುಮಾನದ ಮೇಲೆ, ಅವನನ್ನು ಎಲ್ಲೋ ದೂರದ ಊರಿನ ಉಗ್ರಾಣದ ಉಸ್ತುವಾರಿಗೆ ಹಾಕಿದರು. ನಿನ್ನ ಕೊನೆಯ ಪ್ಯಾರಾ ಓದಿ ನಮ್ಮ ಸಾಹೇಬರು ನನ್ನ ಕಡತಗಳನ್ನೆಲ್ಲ ತೆಗೆಸಿ ನೋಡಿದರು. ಆಸ್ಪತ್ರೆಗೆ ಬರೆದದ್ದು ಸಿಕ್ಕಿತು. ಅಲ್ಲಿಗೆ ಮುಗಿಯಿತು.

ನಿನಗೆ ಹೇಳದೆ ಇದ್ದವಳು ನಾನು. ಗೊತ್ತಿದ್ದರೆ ನೀನು ಬರೆಯುತ್ತಿರಲಿಲ್ಲ. ಇದನ್ನು ನನಗೆ ನಾನೇ ದಿನಾ ಹೇಳಿಕೊಳ್ಳುತ್ತೇನೆ. ಆದರೂ ಆ ಪ್ಯಾರಾ ಓದಿದ ದಿನ ನಿನ್ನ ಮುಖ ನೋಡಬಾರದು ಅನ್ನಿಸಿತ್ತು. ಈಗ ಅಷ್ಟೂ ಇಲ್ಲ. ಸುಸ್ತಾಗಿದೆ, ಅಷ್ಟೇ.

ಉತ್ತರ ಬೇಗ ಬರೆಯಬೇಕೆಂದೇನಿಲ್ಲ.

ಅಕ್ಕ


ಜನವರಿ ೨೪

ಅಕ್ಕಾ,

ಬೇಗ ಬರೆಯಬೇಕೆಂದೇನಿಲ್ಲ ಅಂದಿದ್ದೆ, ಅದನ್ನೇ ನೆಪ ಮಾಡಿಕೊಂಡೆ. ಕೂತಾಗಲೆಲ್ಲ ಬರುವ ವಾಕ್ಯಗಳು ನನಗೇ ಹೇಸಿಗೆ ಅನ್ನಿಸಿದವು. ನನ್ನ ಹೆಂಡತಿ ನಿನ್ನ ಕಾಗದ ಓದಿ, “ಏನೂ ಬರೀಬೇಡಿ, ನೇರ ಹೋಗಿ ಅವರೆದುರು ನಿಂತ್ಕೊಳ್ಳಿ” ಎಂದಳು. ಬಸ್ ನಿಲ್ದಾಣದವರೆಗೆ ಹೋಗಿದ್ದೆ. ನೀನು ರಾಜಧಾನಿಯಲ್ಲಿ ಕೇಂದ್ರ ಕಚೇರಿಗೆ ಬಂದು ಸೇರಿದ್ದೀಯ ಎಂದು ಗೊತ್ತಿತ್ತು. ಟಿಕೆಟ್ ತೆಗೆದುಕೊಳ್ಳಲು ಆಗಲಿಲ್ಲ, ವಾಪಸು ಬಂದೆ.

ಇನ್ನೊಂದು ಸುದ್ದಿ ಇಲ್ಲದಿದ್ದರೆ ಇವತ್ತೂ ಬರೆಯುತ್ತಿರಲಿಲ್ಲವೇನೋ. ಮೇಷ್ಟ್ರನ್ನು ಮನೆಗೆ ಕಳಿಸಿದ್ದಾರೆ. ಹೊರಗೆ ಹೋಗುವಂತಿಲ್ಲ, ಮನೆಯೊಳಗೇ ಕಾವಲು. ಕಣ್ಣು ಪೂರ್ತಿ ಹೋಗಿದೆಯಂತೆ. ಅವರು ಆರೋಗ್ಯವಾಗಿದ್ದಾರೆ ಎಂದು ಲೋಕಕ್ಕೆ ತೋರಿಸಬೇಕಲ್ಲ, ಅದಕ್ಕೆ ಆ ಸರ್ಕಾರದವರು ನನ್ನನ್ನೇ ಕರೆದಿದ್ದಾರೆ. ಹೇಳಿಕೆ ಬರೆದವನು ತಾನೇ ಬಂದು ಕಣ್ಣಾರೆ ನೋಡಲಿ ಎಂದು.

ಹೋಗಬೇಡ ಅಂದರೆ ಹೋಗುವುದಿಲ್ಲ. ಈ ಸಲ ನಿನ್ನನ್ನು ಕೇಳದೆ ಹೆಜ್ಜೆ ಇಡುವುದಿಲ್ಲ.

ತಮ್ಮ


ಫೆಬ್ರವರಿ ೨

ತಮ್ಮನಿಗೆ,

ಹೋಗು. ಅವರು ನಿನ್ನನ್ನು ಬಳಸಿಕೊಳ್ಳುತ್ತಾರೆ, ಬಳಸಿಕೊಳ್ಳಲಿ. ಮೇಷ್ಟ್ರ ಎದುರು ಕೂತು ಓದಿ ಹೇಳುವವರು ಒಬ್ಬರು ಬೇಕು.

ತೋರಿಸಿದ್ದನ್ನು ನೋಡು. ತೋರಿಸದೇ ಇದ್ದದ್ದು ಕಂಡರೆ ಕಂಡ ಹಾಗೆ ಮುಖ ಮಾಡಬೇಡ. ಯಾರ ಜೊತೆಗೂ ವಾದಕ್ಕೆ ಇಳಿಯಬೇಡ, ಅದು ನಿನಗೆ ಕಷ್ಟ ಅಂತ ಗೊತ್ತು. ನನ್ನ ಮಾತು ಎತ್ತಬೇಡ. ಸೋಡಾಬುಡ್ಡಿಯ ಮಾತು ಕನಸಿನಲ್ಲೂ ಎತ್ತಬೇಡ. ದಪ್ಪ ಕಾಲುಚೀಲ ತೆಗೆದುಕೊಂಡು ಹೋಗು.

ಇಲ್ಲಿ ನನಗೆ ಮೆಟ್ಟಿಲ ಪಕ್ಕ ಒಂದು ಮೇಜು ಕೊಟ್ಟಿದ್ದಾರೆ. ಅತಿಥಿಗೃಹಕ್ಕೆ ನೆಲಹಾಸು ಆರಿಸುವ ಸಮಿತಿಯಲ್ಲಿ ನಾನಿದ್ದೇನೆ. ಕಂದು ಬಣ್ಣಕ್ಕೆ ಬಹುಮತ ಇದೆ.

ಅಕ್ಕ


ಏಪ್ರಿಲ್ ೧೯

ಅಕ್ಕಾ,

ಈಗಷ್ಟೇ ಗಡಿ ದಾಟಿದೆ. ಮನೆ ಸೇರುವ ತನಕ ತಡೆಯಲಾರೆ, ರೈಲು ನಿಲ್ದಾಣದ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಅದೇ ಕೋಣೆ. ಪುಸ್ತಕದ ಕಪಾಟುಗಳು ಖಾಲಿ, ಗೋಡೆಯ ಮೇಲೆ ಅವುಗಳ ಗುರುತು ಮಾತ್ರ ಇದೆ. ಮೂಲೆಯಲ್ಲಿ ಒಬ್ಬ ಕಾವಲಿನವನು ಪತ್ರಿಕೆ ಹಿಡಿದು ಕೂತಿದ್ದ, ಪುಟ ಮಾತ್ರ ತಿರುಗಿಸುತ್ತಿರಲಿಲ್ಲ. ಮೇಷ್ಟ್ರು ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. ಎಷ್ಟು ಸಣ್ಣಗಾಗಿದ್ದಾರೆ ಅಂದರೆ ಕುರ್ಚಿ ಖಾಲಿ ಇದೆ ಎಂದುಕೊಂಡು ನಾನು ಮೊದಲು ಆಚೆ ನೋಡಿದೆ.

“ಯಾರು? ಸಣ್ಣವನಾ?” ಅಂದರು. ನೀನು ದೊಡ್ಡವಳು, ನಾನು ಸಣ್ಣವನು, ಅದು ಇನ್ನೂ ಹಾಗೇ ಇದೆ. ಕೈ ಹಿಡಿದು ನನ್ನ ಮುಖವೆಲ್ಲ ಸವರಿ ನೋಡಿದರು. “ಕೂದಲು ಎಲ್ಲಿ ಹೋಯ್ತೋ?” ಎಂದು ನಕ್ಕರು. ನನಗೆ ಅಳು ತಡೆಯಲಾಗಲಿಲ್ಲ.

ದಿನಾ ಹೋಗಿ ಓದಿದೆ. ಪುಸ್ತಕ ತರಲು ಬಿಡಲಿಲ್ಲ, ಬಾಯಿಗೆ ಬರುವಷ್ಟನ್ನು ಹೇಳಿದೆ. ಮರೆತಲ್ಲಿ ಅವರು ಎತ್ತಿಕೊಟ್ಟರು. ಕಾವಲಿನವನಿಗೆ ಇಷ್ಟವಾಯಿತೋ ಏನೋ, ಕೊನೆಕೊನೆಗೆ ಪತ್ರಿಕೆ ಕೆಳಗಿಟ್ಟು ಕೇಳುತ್ತಿದ್ದ.

ಒಂದು ದಿನ ಮೇಷ್ಟ್ರು ಅವನಿರುವುದನ್ನು ಲೆಕ್ಕಿಸದೆ ಹೇಳಿದರು, “ನೀನಾದರೂ ಬಾಯಿ ಬಿಟ್ಟೆಯಪ್ಪ. ನೀನು ಬರೆದದ್ದನ್ನ ಅವರು ನನಗೆ ಓದಿ ತೋರಿಸಿದ್ರು, ಬೈಯೋಕೆ ಅಂತ. ನಾನು ಒಳಗೊಳಗೇ ಸಂತೋಷ ಪಟ್ಟೆ.” ಆಮೇಲೆ ದನಿ ತಗ್ಗಿತು. “ದೊಡ್ಡವಳು ಇದೇ ಊರಲ್ಲಿದ್ಲು. ಬಾವುಟದ ಕಾರಲ್ಲಿ ಓಡಾಡ್ತಿದ್ಲು. ಒಂದು ಸಲಾನೂ ನನ್ನ ಬಾಗಿಲು ತಟ್ಟಲಿಲ್ಲ. ಕಲಿಸಿದ್ದನ್ನ ವಾಪಸ್ ತಗೊಳ್ಳೋ ಹಾಗಿದ್ದಿದ್ರೆ ಅವಳಿಂದ ತಗೊಳ್ತಿದ್ದೆ.”

ಇದನ್ನು ನಿನಗೆ ಬರೆಯಬೇಕೋ ಬೇಡವೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಮುಚ್ಚಿಟ್ಟು ಮುಚ್ಚಿಟ್ಟು ಇಲ್ಲಿಗೆ ಬಂದಿದ್ದೇವೆ, ಬರೆಯುತ್ತಿದ್ದೇನೆ. ಅವರು ನನ್ನ ಬೆನ್ನು ತಟ್ಟುತ್ತಿದ್ದರು ಅಕ್ಕ. ಆ ಕೈಯನ್ನು ಹಿಡಿದು ನಿಲ್ಲಿಸಬೇಕು ಅನ್ನಿಸಿತು. ಮೂಲೆಯಲ್ಲಿ ಅವನಿದ್ದ. ತಲೆ ತಗ್ಗಿಸಿ ಕೂತೆ.

ಹೊರಡುವ ದಿನ ಅವರ ಹೆಂಡತಿ ಅಡುಗೆಮನೆಗೆ ಕರೆದು, ನಲ್ಲಿ ಜೋರಾಗಿ ಬಿಟ್ಟು ಹೇಳಿದರು, “ನಿಮ್ಮಕ್ಕನ ವಿಷಯ ಅವರ ಬಾಯಲ್ಲಿ ಬಂದಾಗೆಲ್ಲ ಹೇಳಿಬಿಡೋಣ ಅನ್ಸುತ್ತೆ. ಆದರೆ ಅವಳನ್ನ ಕೇಳದೆ ಹೇಳಲ್ಲ. ಅವಳು ಹೂಂ ಅಂದ್ರೆ ಒಂದು ಮಾತು ಕಳಿಸು, ಹಲ್ಲಿನ ಡಾಕ್ಟ್ರಿಗೆ ಗೊತ್ತಾದ್ರೆ ನನಗೆ ಗೊತ್ತಾಗುತ್ತೆ.”

ಹೂಂ ಅನ್ನು ಅಕ್ಕ. ನಿನ್ನ ಕಾಲು ಹಿಡಿಯುತ್ತೇನೆ. ಅವರಿಗೆ ಇನ್ನು ಎಷ್ಟು ದಿನವೋ. ನಿನ್ನನ್ನು ಹಾಗೆ ಅಂದುಕೊಂಡೇ ಅವರು ಹೋಗಬಾರದು. ನಿನಗೆ ಸಲ್ಲಬೇಕಾದದ್ದನ್ನು ನಾನು ಹೊತ್ತುಕೊಂಡು ತಿರುಗಲಾರೆ.

ತಮ್ಮ


ಮೇ ೫

ಪ್ರೀತಿಯ ತಮ್ಮನಿಗೆ,

ಕಾಗದ ಕಚೇರಿಗೆ ಬಂತು. ಮೇಷ್ಟ್ರು ಅಂದ ಮಾತು ಓದಿ, ಸಮಿತಿಯವರಿಗೆ ಈಗ ಬಂದೆ ಎಂದು ಹೇಳಿ ಹೊರಗೆ ಹೋದೆ. ಕಟ್ಟಡದ ಸುತ್ತ ನಡೆದೆ. ಮತ್ತೆ ನಡೆದೆ. ಮುಖ ತೊಳೆದುಕೊಂಡು ಬಂದು ಕಂದು ಬಣ್ಣಕ್ಕೆ ಕೈ ಎತ್ತಿದೆ.

ಬರೆದದ್ದು ಒಳ್ಳೆಯದಾಯಿತು. ಬರೆಯದಿದ್ದರೆ ನಿನ್ನ ಕಾಗದದ ಸಂದುಗಳಲ್ಲಿ ಹುಡುಕುತ್ತಿದ್ದೆ, ನೀನು ನನ್ನ ಕಾಗದದಲ್ಲಿ ಹುಡುಕಿದ ಹಾಗೆ.

ಹೂಂ ಅನ್ನುವುದಿಲ್ಲ. ಹೇಳಬೇಡ, ಅವರ ಹೆಂಡತಿಗೂ ಹೇಳಬೇಡಿ ಎಂದು ತಿಳಿಸು. ಸೋಡಾಬುಡ್ಡಿ ಆ ಉಗ್ರಾಣದಲ್ಲಾದರೂ ಇದ್ದಾನೆ, ಅವನ ಹೆಣ್ಣುಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ. ಮೇಷ್ಟ್ರಿಗೆ ವಿಷಯ ತಿಳಿದರೆ ಸುಮ್ಮನಿರುವ ಜೀವವೇ ಅದು? ಮೂಲೆಯಲ್ಲಿ ಯಾರಿದ್ದಾರೆ ಎಂದು ನೋಡುವುದಿಲ್ಲ. ನನ್ನ ಶಿಷ್ಯ ಹೀಗೆ ಮಾಡಿದ, ನನ್ನ ಶಿಷ್ಯೆ ಹೀಗೆ ಮಾಡಿದಳು ಎಂದು ಬೀದಿಗೆ ಕೇಳುವ ಹಾಗೆ ಹೇಳುತ್ತಾರೆ. ಅಲ್ಲಿಗೆ ಅವನ ಕಥೆ ಮುಗಿಯುತ್ತದೆ.

ಇನ್ನೊಂದೂ ಇದೆ. ಅವರಿಗೆ ಸಿಟ್ಟು ಬಹಳ, ನಿನಗೆ ಗೊತ್ತು. ಪಾಠದಲ್ಲಿ ಒಂದು ದೀರ್ಘ ತಪ್ಪಿದರೆ ಪುಸ್ತಕ ಎಸೆಯುತ್ತಿದ್ದರು. ಈಗ ಆ ಸಿಟ್ಟನ್ನು ಎಲ್ಲಿಗೆ ಹಾಕಬೇಕು ಹೇಳು? ಕೂಡಿಹಾಕಿದವರ ಮೇಲೆ ಹಾಕುವ ಹಾಗಿಲ್ಲ, ಕಾವಲಿನವನ ಮೇಲೆ ಹಾಕುವ ಹಾಗಿಲ್ಲ, ಹೆಂಡತಿಯ ಮೇಲೆ ಹಾಕಿದರೆ ಆಕೆ ಸೋತುಹೋಗುತ್ತಾರೆ. ನನ್ನ ಮೇಲೆ ಹಾಕಲಿ. ದೂರದಲ್ಲಿದ್ದೇನೆ, ನನಗೇನೂ ಆಗುವುದಿಲ್ಲ. ಆಗುವುದಿಲ್ಲ ಅನ್ನುವುದು ಸುಳ್ಳು. ಆದರೂ ಹಾಕಲಿ.

ನಿನ್ನ ಬೆನ್ನು ತಟ್ಟಿದರೆ ತಟ್ಟಿಸಿಕೋ. ಅದೇ ನಿನಗೆ ಕಷ್ಟ, ಗೊತ್ತು. ಅದಕ್ಕಾಗಿಯೇ ಮತ್ತೆ ಕರೆದರೆ ಮತ್ತೆ ಹೋಗು. ಅವರು ಹೇಳಿದ್ದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಬಾ. ಪದ್ಯಗಳನ್ನು ಬರೆದಿಡೋಣ.

ನಾನು ರಾಜೀನಾಮೆ ಕೊಟ್ಟೆ. ಯಾರೂ ತಡೆಯಲಿಲ್ಲ. ಮೇಜನ್ನು ಆಗಲೇ ಇನ್ನೊಬ್ಬರಿಗೆ ಕೊಟ್ಟಾಯಿತು. ಗುರುವಾರದ ಬಸ್ಸಿಗೆ ನಿಮ್ಮಲ್ಲಿಗೆ ಬರುತ್ತೇನೆ, ಪೆಟ್ಟಿಗೆ ಭಾರವಿದೆ, ನಿಲ್ದಾಣಕ್ಕೆ ಬಾ. ನಿನ್ನ ಹೆಂಡತಿಗೆ ಹೇಳು, ಏನೂ ವಿಶೇಷ ಮಾಡುವುದು ಬೇಡ, ಒಂದು ವಾರ ಮಲಗಲು ಬಿಟ್ಟರೆ ಸಾಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬಸ್ಸಿನಿಂದ ಇಳಿದು ನಿನ್ನ ಮುಖ ನೋಡಿದ ಕೂಡಲೇ ನನಗೆ ಸಿಟ್ಟು ಬರಬಹುದು. ಬಂದರೆ ಅಲ್ಲೇ ಜನರ ಎದುರು ಬೈಯುತ್ತೇನೆ. ಎದುರಾಡಬೇಡ, ನಿಂತು ಬೈಸಿಕೋ. ಆಮೇಲೆ ಪೆಟ್ಟಿಗೆಯ ಒಂದು ಕಡೆ ನೀನು ಹಿಡಿ, ಒಂದು ಕಡೆ ನಾನು ಹಿಡಿಯುತ್ತೇನೆ, ಮನೆಗೆ ಹೋಗೋಣ.

ನಿನ್ನ ಅಕ್ಕ